ಮೀನಿಗೆ ವಾಸನೆ ಇದೆಯೇ?

ನಮ್ಮ ಸೂಪರ್‌ಮಾರ್ಕೆಟ್ಟಿನಲ್ಲಿ ಅತಿ ಕೆಟ್ಟ ನಾತದ ಪಟ್ಟ ಬಹಳ ವರ್ಷ ನನ್ನ ಕೌಂಟರಿನ ಹಳೆ ಚೀಸಿನ ಜಾಡಿಗೇ ಮೀಸಲಾಗಿತ್ತು. ಹಳೆ ಪೇಟೆ ಶುಬ್ರಾದ ಗಲ್ಲಿಗಳಲ್ಲಿ ಹುಟ್ಟಿದವರು ಆ ಜಾಡಿಯ ಮುಂದೆ ನಿಂತು ಅಜ್ಜಿಯನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ಹೊಸ ಬಡಾವಣೆಯಿಂದ ಬಂದವರು ಮೂಗು ಮುಚ್ಚಿಕೊಂಡು ಬೆಣ್ಣೆಯ ಕಡೆ ಓಡುತ್ತಾರೆ. ಹಾಗಾಗಿ ನಾತದ ವಿಷಯದಲ್ಲಿ ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೂ ಶಮ್ ಎಲ್ ನಸೀಮ್ ಹಬ್ಬಕ್ಕೆ ಮುಂಚಿನ ಆ ವಾರ ನನಗೂ ಹೇಸಿಗೆಯಾಯಿತು. ಮೀನಿನಿಂದಲ್ಲ. ಮೀನು ಪಾಪ, ಅದು ತನ್ನ ಪಾಡಿಗೆ ಕೊಳೆಯುತ್ತಿತ್ತು.

ರಾವ್ಯಾ ನಮ್ಮಲ್ಲಿ ಆನ್‌ಲೈನ್ ಆರ್ಡರಿನ ಸಾಮಾನು ಆರಿಸುವವಳು. ಜನ ಮನೆಯಲ್ಲಿ ಸೋಫಾದ ಮೇಲೆ ಕಾಲು ಚಾಚಿ ಫೋನು ಒತ್ತುತ್ತಾರೆ. ಇಲ್ಲಿ ಇವಳ ಮಣಿಕಟ್ಟಿಗೆ ಕಟ್ಟಿದ ಯಂತ್ರ ಕಿರ್ ಎನ್ನುತ್ತದೆ. ಇವಳು ಕ್ರೇಟು ತುಂಬಿದ ಗಾಡಿ ತಳ್ಳಿಕೊಂಡು ಒಬ್ಬರ ಮಗುವಿಗೆ ಡೈಪರು, ಇನ್ನೊಬ್ಬರ ಬೆಕ್ಕಿಗೆ ಊಟ, ಮತ್ತೊಬ್ಬರ ಸಕ್ಕರೆ ಕಾಯಿಲೆಯ ಗಂಡನಿಗೆ ಸಕ್ಕರೆಯಿಲ್ಲದ ಬಿಸ್ಕತ್ತು ಹುಡುಕುತ್ತ ಓಡುತ್ತಾಳೆ. ಒಂದು ಕಿವಿಯಲ್ಲಿ ಯಂತ್ರದ ಕಿರಿಕಿರಿ, ಇನ್ನೊಂದರಲ್ಲಿ ಮಗಳು ರಿತಾಲ್.

"ಏಳೆಂಟ್ಲ ಎಷ್ಟಮ್ಮ?"

"ಐವತ್ತಾರು. ತಮ್ಮ ಊಟ ಮಾಡಿದ್ನಾ?"

"ಅಜ್ಜಿ ಕೊಟ್ಟಿದ್ದು ಬೇಡವಂತೆ. ಏಳೊಂಬತ್ಲ?"

ಆ ಹೊತ್ತಿಗೆ ರಾವ್ಯಾಳ ತಲೆ ಫ್ರೀಜರಿನೊಳಗಿದ್ದರೆ ಮಾಂಸದ ಕೌಂಟರಿನ ಶಹಾತಾ ಕತ್ತಿ ಮಸೆಯುತ್ತಲೇ "ಅರವತ್ಮೂರು ಕಣೇ ಮರಿ" ಎಂದು ಕೂಗಿ ಹೇಳುತ್ತಿದ್ದ. ಆ ಹುಡುಗಿಗೆ ಮಗ್ಗಿ ಕಲಿಸಿದ್ದು ನಮ್ಮ ಇಡೀ ಅಂಗಡಿ ಎಂದರೆ ತಪ್ಪಾಗದು.

ರಾವ್ಯಾಳ ಗಂಡ ಗಮಾಲ್ ಅಸ್ವಾನಿನ ರಸ್ತೆಯಲ್ಲಿ ಲಾರಿ ಓಡಿಸುವವನು. ಮನೆಗೆ ಬರುವುದು ಅಮಾವಾಸ್ಯೆಗೊಮ್ಮೆ, ಬಂದರೂ ನಿದ್ದೆಗೆ. ಮಕ್ಕಳನ್ನು ನೋಡಿಕೊಳ್ಳುವವರು ಮೇಲಿನ ಮಹಡಿಯ ಅತ್ತೆ ಹಾಗ್ಗಾ ಇಹ್ಸಾನ್. ಇದಕ್ಕೆ ಆಕೆ ಸೊಸೆಯಿಂದ ಏನನ್ನೂ ಕೇಳುವುದಿಲ್ಲ, ದಿನಕ್ಕೊಮ್ಮೆ ತನ್ನ ಮಂಡಿನೋವಿನ ವರದಿಯನ್ನು ಪೂರ್ತಿ ಕೇಳಿಸಿಕೊಂಡರೆ ಸಾಕು.

ರಿತಾಲ್, ಅವಳ ತಮ್ಮ ಯಾಸೀನ್, ಇಬ್ಬರಿಗೂ ಬೇಕಾದದ್ದು ಒಂದೇ. ಶಮ್ ಎಲ್ ನಸೀಮ್ ಸೋಮವಾರ ಎಲ್ಲ ಮಕ್ಕಳ ಹಾಗೆ ದೋಣಿ ಹತ್ತಿ ನೈಲ್ ದಂಡೆಯ ಕನಾತಿರ್ ಉದ್ಯಾನಕ್ಕೆ ಹೋಗಬೇಕು, ಬಣ್ಣ ಹಚ್ಚಿದ ಮೊಟ್ಟೆ ಒಡೆದು ತಿನ್ನಬೇಕು. ಹೋದ ವರ್ಷ ರಾವ್ಯಾ ಮಾತು ಕೊಟ್ಟಿದ್ದಳು, ಪಾಳಿ ಬಿತ್ತು. ಅದರ ಹಿಂದಿನ ವರ್ಷವೂ ಕೊಟ್ಟಿದ್ದಳು, ಜೊತೆಯವಳು ರಜೆ ಹಾಕಿದಳು. ಈ ಸಲ ಹಬ್ಬ ಹತ್ತಿರ ಬಂದಾಗ ರಿತಾಲ್ ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿದೆ, ರಾವ್ಯಾಳ ಎರಡೂ ಕೈಯಲ್ಲಿ ಎಣ್ಣೆ ಬಾಟಲಿಯಿದ್ದು ಫೋನು ಸ್ಪೀಕರಿನಲ್ಲಿತ್ತು.

"ಅಮ್ಮ, ಈ ಸಲ ಮಾತು ಕೊಡ್ಬೇಡ. ನಾನಾದ್ರೆ ಸುಮ್ನಿರ್ತೀನಿ. ಯಾಸೀನ್ ಅಳ್ತಾನೆ."

ರಾವ್ಯಾ ಬಾಟಲಿಗಳನ್ನು ಕ್ರೇಟಿನಲ್ಲಿಟ್ಟು ಗಾಡಿಯನ್ನು ಮುಂದಕ್ಕೆ ತಳ್ಳಿದಳು.

ಇನ್ನು ಮ್ಯಾನೇಜರು ವಗ್ದಿ, ನಮ್ಮೆಲ್ಲರ ಬಾಯಲ್ಲಿ ಉಸ್ತಾಜ್, ಅಂದರೆ ಸರ್. ದಿನಾ ಬೆಳಿಗ್ಗೆ ನಮ್ಮನ್ನೆಲ್ಲ ಈರುಳ್ಳಿ ಮೂಟೆಗಳ ಮುಂದೆ ನಿಲ್ಲಿಸಿ ಭಾಷಣ ಮಾಡುವ ಪದ್ಧತಿ ತಂದವರು ಇವರೇ. "ನಾವು ಸಾಮಾನು ಮಾರುವವರಲ್ಲ. ಅನುಭವ ಮಾರುವವರು" ಎಂದು ಒಮ್ಮೆ ಹೇಳಿದಾಗ ಶಹಾತಾ ಹಿಂದಿನಿಂದ, "ಮೂಳೆ ಸಮೇತನಾ, ಮೂಳೆ ತೆಗೆದಾ?" ಎಂದು ಕೇಳಿದ. ಉಸ್ತಾಜ್ ಅದನ್ನು ಟ್ಯಾಬಿನಲ್ಲಿ ಬರೆದುಕೊಂಡರು.

ಆ ವಾರದ ಭಾಷಣದ ವಿಷಯ ಫಿಸೀಖ್. ಬೂರಿ ಮೀನನ್ನು ಬಿಸಿಲಿನಲ್ಲಿ ಉಬ್ಬಲು ಬಿಟ್ಟು, ಉಪ್ಪಿನಲ್ಲಿ ಹೂತು, ವಾರಗಟ್ಟಲೆ ಪೀಪಾಯಿಯಲ್ಲಿ ಮರೆತರೆ ಆಗುವುದು ಫಿಸೀಖ್. ವಸಂತದ ತಂಗಾಳಿಯನ್ನು ಮೂಸುವ ದಿನ ಎಂದು ಹಬ್ಬಕ್ಕೆ ಹೆಸರಿಟ್ಟು, ಇಡೀ ದೇಶ ಅಂದು ಮೂಸುವುದು ಇದನ್ನು. ಮೊದಲ ಬಾರಿಗೆ ಅದನ್ನೂ ಆನ್‌ಲೈನಿನಲ್ಲಿ ಮಾರುವುದೆಂದು ತೀರ್ಮಾನವಾಗಿತ್ತು. ಪೀಪಾಯಿಗಳು ನನ್ನ ಕೌಂಟರಿನ ಪಕ್ಕಕ್ಕೇ ಬಂದವು. ಅದರ ಆರ್ಡರು ತುಂಬಲು ಯಾರು ಬರುತ್ತೀರಿ ಎಂದರೆ ಎಲ್ಲರೂ ಈರುಳ್ಳಿ ನೋಡಿದರು.

"ಈ ವಾರ ಇದನ್ನು ವಹಿಸಿಕೊಂಡವರಿಗೆ ಸೋಮವಾರ ರಜೆ" ಎಂದರು ವಗ್ದಿ.

ರಾವ್ಯಾ ಕೈ ಎತ್ತಿದಳು. ನಾನು ಅವಳ ಮುಖ ನೋಡಿದೆ. ಫಿಸೀಖಿನ ಹೆಸರು ಹೇಳಿದರೇ ಊಟ ಬಿಡುವವಳು ಅವಳು. ಮದುವೆಯಾದ ಹೊಸದರಲ್ಲಿ ಅತ್ತೆ ಪ್ರೀತಿಯಿಂದ ಬಡಿಸಿದಾಗ ಓಡಿ ಹೋಗಿ ವಾಂತಿ ಮಾಡಿದ್ದಕ್ಕೆ ಬೀದಿಯವರೆಲ್ಲ ಬಸಿರೆಂದು ಸಿಹಿ ಹಂಚಿದ್ದರಂತೆ.

"ನಿಂಗ್ಯಾಕೆ ಬೇಕಿತ್ತೇ ಇದು?" ಎಂದೆ.

"ಚಿಕ್ಕಪ್ಪಾ, ನೀವು ಸುಮ್ನೆ ನಿಂಬೆಹಣ್ಣು ಕೊಯ್ದು ಕೊಡ್ತಾ ಇರಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಮೂಸದೆ ಫಿಸೀಖ್ ಕೊಳ್ಳುವ ಮನುಷ್ಯ ಈ ದೇಶದಲ್ಲಿ ಹುಟ್ಟಿಲ್ಲ. ಕಿವಿರು ಎತ್ತಿ, ಬೆನ್ನು ಒತ್ತಿ, ಮೂರು ಜನರ ಕೈಗೆ ಕೊಟ್ಟು ಮೂಸಿಸಿ, ಜಗಳವಾಡಿ ಕೊಳ್ಳುವ ಪದಾರ್ಥ ಅದು. ಫೋನಿನಲ್ಲಿ ವಾಸನೆ ಬರುವುದಿಲ್ಲವಲ್ಲ, ಹಾಗಾಗಿ ಆರ್ಡರು ಮಾಡಿದವರೆಲ್ಲ ಕರೆ ಮಾಡತೊಡಗಿದರು. ರಾವ್ಯಾ ಅರ್ಧ ಊರಿನ ಬಾಡಿಗೆ ಮೂಗಾದಳು.

ನಿವೃತ್ತ ಬ್ರಿಗೇಡಿಯರ್ ಒಬ್ಬರು ಸೇನೆಗೆ ಅಪ್ಪಣೆ ಕೊಡುವಂತೆ ಕೊಡುತ್ತಿದ್ದರು. "ಕಿವಿರು ಎತ್ತು. ಎತ್ತಿದ್ಯಾ? ಈಗ ಮೂಸು. ಹೊಟ್ಟೆ ಹತ್ರ ಬೇಡ, ಹೊಟ್ಟೆ ಸುಳ್ಳು ಹೇಳುತ್ತೆ. ಏನನ್ನಿಸ್ತು?"

"ಸಾಯ್ಬೇಕು ಅನ್ನಿಸ್ತು ಸಾಹೇಬ್ರೇ."

"ಹಾಗಾದ್ರೆ ಒಳ್ಳೇ ಮೀನು. ಎರಡು ಹಾಕು."

ಹೊಸ ಬಡಾವಣೆಯ ಹೆಂಗಸೊಬ್ಬಳು ನಯವಾಗಿ ಕೇಳಿದಳು, "ಸ್ವಲ್ಪನೂ ವಾಸನೆ ಇಲ್ಲದೇ ಇರೋದು ಸಿಗುತ್ತಾ?"

"ಸಿಗುತ್ತೆ ಮೇಡಂ. ಅದಕ್ಕೆ ಮೊಟ್ಟೆ ಅಂತಾರೆ."

ಎರಡನೇ ದಿನಕ್ಕೇ ವಾಸನೆ ಅವಳ ಕೂದಲಿಗೆ, ಉಗುರಿಗೆ, ಮದುವೆಯ ಉಂಗುರಕ್ಕೆ ಇಳಿದಿತ್ತು. ನಿಂಬೆ, ವಿನಿಗರ್, ಕಾಫಿಪುಡಿ ಯಾವುದಕ್ಕೂ ಬಗ್ಗಲಿಲ್ಲ. ಮೈಕ್ರೋಬಸ್ಸಿನಲ್ಲಿ ಡ್ರೈವರು, "ಅಕ್ಕಾ, ಕಿಟಕಿ ಪಕ್ಕ ಕೂತ್ಕೊಂಡು ತಲೆ ಹೊರಗಿಡಿ" ಎಂದನಂತೆ. ಮನೆಯಲ್ಲಿ ಯಾಸೀನ್ ಅಮ್ಮನನ್ನು ಕಂಡು ಮೂಗು ಹಿಡಿದು ಕುಣಿದ. ಅವನದಾದರೂ ಆಟ. ರಿತಾಲ್ ಮಾತ್ರ ದಿಂಬು ಎತ್ತಿಕೊಂಡು, "ಅಮ್ಮ, ಕೋಪ ಮಾಡ್ಕೋಬೇಡ. ನೀನು ನಾರ್ತೀಯ. ನಾನು ಅಜ್ಜಿ ಹತ್ರ ಮಲಗ್ತೀನಿ" ಎಂದು ಮೇಲಿನ ಮಹಡಿಗೆ ಹೋದಳು. ಮಾರನೇ ದಿನ ಇದನ್ನು ಹೇಳುವಾಗ ರಾವ್ಯಾ ನಗುತ್ತಿದ್ದಳು, ಆದರೆ ನಿಂಬೆ ಹೋಳನ್ನು ಉಜ್ಜಿ ಉಜ್ಜಿ ಅಂಗೈ ಕೆಂಪಗೆ ಮಾಡಿಕೊಂಡಿದ್ದಳು.

ಶನಿವಾರ ಉಸ್ತಾಜ್ ವಗ್ದಿಯವರಿಗೆ ಹೊಸ ಯೋಚನೆ ಹೊಳೆಯಿತು. ತಾಜಾ ಸಾಮಾನು ಪ್ಯಾಕು ಮಾಡುವ ಮುನ್ನ ಯಂತ್ರ ಒಂದು ಪ್ರಶ್ನೆ ಕೇಳುವ ಏರ್ಪಾಡು ಮಾಡಿಸಿದರು: ಈ ವಸ್ತುವಿಗೆ ವಾಸನೆ ಇದೆಯೇ? ಹೌದು, ಇಲ್ಲ. ಇದರಿಂದ ಗುಣಮಟ್ಟವು ಇಡೀ ಖಂಡಕ್ಕೇ ಮಾದರಿಯಾಗುವುದೆಂದು ಈರುಳ್ಳಿ ಮೂಟೆಗಳ ಮುಂದೆ ಸಾರಿದರು.

"ಉಸ್ತಾಜ್, ಫಿಸೀಖ್‌ಗೂ ಕೇಳುತ್ತಾ ಇದು?" ಎಂದಳು ರಾವ್ಯಾ.

"ಎಲ್ಲದಕ್ಕೂ ಕೇಳುತ್ತೆ. ಯಂತ್ರಕ್ಕೆ ಪಕ್ಷಪಾತ ಇಲ್ಲ."

"ನಾನೇನು ಒತ್ಲಿ?"

"ಇದ್ದದ್ದು ಇದ್ದ ಹಾಗೆ ಒತ್ತಮ್ಮ. ಪ್ರಾಮಾಣಿಕತೆಯೇ ನಮ್ಮ ಮೊದಲ ಮೌಲ್ಯ."

ಅವಳು ದಿನವಿಡೀ ಪ್ರಾಮಾಣಿಕವಾಗಿ ಹೌದು, ಹೌದು, ಹೌದು ಎಂದು ಒತ್ತಿದಳು. ಸಂಜೆ ಯಂತ್ರ ಲೆಕ್ಕ ಹಾಕಿ, ಆ ದಿನದ ಫಿಸೀಖ್ ಆರ್ಡರುಗಳನ್ನೆಲ್ಲ ರದ್ದು ಮಾಡಿ, ಪ್ರತಿಯೊಬ್ಬ ಗಿರಾಕಿಗೂ ಸಂದೇಶ ಕಳಿಸಿತು: ನೀವು ಬಯಸಿದ ಮೀನು ಹಾಳಾಗಿರುವುದರಿಂದ ಕಳುಹಿಸಲಾಗುತ್ತಿಲ್ಲ, ಕ್ಷಮಿಸಿ.

ಭಾನುವಾರ ಬಾಗಿಲು ತೆರೆಯುವಷ್ಟರಲ್ಲಿ ಜನ ರಸ್ತೆವರೆಗೂ ನಿಂತಿದ್ದರು. ಮುಂದಾಳತ್ವ ಬ್ರಿಗೇಡಿಯರರದು. ಊರುಗೋಲಿನಿಂದ ನೆಲ ಕುಟ್ಟುತ್ತ ಒಳಗೆ ಬಂದರು.

"ಹಾಳಾಗಿದೆ ಅಂತ ಬರೆದಿದೀರಲ್ಲ. ಹಾಳಾಗದೇ ಇದ್ರೆ ಅದು ಫಿಸೀಖ್ ಹೇಗಾಗುತ್ತೆ? ಯಾವ ಕತ್ತೆ ಬರೆದಿದ್ದು ಇದನ್ನ?"

ಉಸ್ತಾಜ್ ವಗ್ದಿ ಕತ್ತೆಯನ್ನು ಹುಡುಕುವವರಂತೆ ಸುತ್ತ ನೋಡಿ, ಟೈ ಸರಿಮಾಡಿಕೊಂಡು, "ಇದು ನಮ್ಮ ಒಬ್ಬ ಉದ್ಯೋಗಿಯ ವೈಯಕ್ತಿಕ ತಪ್ಪು. ಕ್ರಮ ತೆಗೆದುಕೊಳ್ಳಲಾಗಿದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ರಾವ್ಯಾಳನ್ನು ಪೀಪಾಯಿಯ ಬಳಿ ಕರೆದು, "ನಾಳೆ ರಜೆ ಇಲ್ಲ. ಕೌಂಟರಿನಲ್ಲೇ ನಿಂತು ಉಳಿದದ್ದನ್ನು ಮಾರು" ಎಂದು ಹೇಳಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೋದರು.

ನನಗೆ ಹೇಸಿಗೆಯಾದದ್ದು ಆಗ. ಜಾಡಿಯಲ್ಲಿ ಹುಳುವಿರುವ ಚೀಸು ಮಾರಿ ಬದುಕಿದ ನನ್ನಂಥವನಿಗೆ. ರಾವ್ಯಾ ಸಂಜೆಯವರೆಗೆ ನಿಂತು ಇಡೀ ಊರಿಗೆ ಮೀನು ಕಟ್ಟಿಕೊಟ್ಟಳು. ಫೋನು ಬಡಿದುಕೊಂಡರೂ ಎತ್ತಲಿಲ್ಲ.

ಜನ ಕರಗಿದ ಮೇಲೆ ಉಸ್ತಾಜ್ ನನ್ನನ್ನು ತಮ್ಮ ಗಾಜಿನ ಕೋಣೆಗೆ ಕರೆಸಿ, ಚೀಸಿನ ಜಾಡಿಗೂ ಒಂದು ಪ್ರಶ್ನೆ ಅಳವಡಿಸುವ ಬಗ್ಗೆ ನನ್ನ ಅಭಿಪ್ರಾಯ ಕೇಳುತ್ತಿದ್ದರು. ಅಂದು ಅವರ ಭಾವಮೈದುನನ ನಿಶ್ಚಿತಾರ್ಥ. ಇಸ್ತ್ರಿ ಮಾಡಿದ ಬೂದು ಕೋಟು ಬಾಗಿಲ ಪಕ್ಕದ ಗೂಟಕ್ಕೆ ತೂಗುತ್ತಿತ್ತು. ಕಿಟಕಿಗಳೆಲ್ಲ ಮುಚ್ಚಿ ಏಸಿ ಹಾಕಿದ್ದರು.

ರಾವ್ಯಾ ಏಪ್ರನ್ ಸಮೇತ ಒಳಗೆ ಬಂದಳು. ಬಾಗಿಲನ್ನು ಮೆಲ್ಲಗೆ ಮುಚ್ಚಿ, ಕೋಟಿನ ಕೆಳಗಿದ್ದ ಕುರ್ಚಿಯಲ್ಲಿ ಕುಳಿತಳು.

"ಏನಮ್ಮ?" ಎಂದರು ವಗ್ದಿ.

"ರಜೆ ವಿಷಯ ಉಸ್ತಾಜ್."

"ಹೇಳಿಯಾಯ್ತಲ್ಲ."

"ಆಯ್ತು. ನಾನು ಕಾಯ್ತೀನಿ."

"ಏನಕ್ಕೆ?"

"ನಿಮ್ಮ ಮನಸ್ಸು ಬದಲಾಗೋಕೆ. ಅವಸರ ಇಲ್ಲ. ಮಕ್ಕಳು ಅತ್ತೆ ಹತ್ರ ಇದಾರೆ, ನನ್ನ ಹತ್ರ ಮಲಗೋದೂ ಇಲ್ಲ."

ಏಸಿ ತನ್ನ ಕೆಲಸ ಚೆನ್ನಾಗಿ ಮಾಡಿತು. ವಾಸನೆಯನ್ನು ಮೇಜಿನ ಮೇಲಿಂದ ಎತ್ತಿ, ಸೂರಿಗೆ ಮುಟ್ಟಿಸಿ, ತಣ್ಣಗೆ ಮಾಡಿ ಮತ್ತೆ ನಮ್ಮ ಮುಖಕ್ಕೆ ತಂದುಕೊಟ್ಟಿತು. ಎದ್ದು ಹೋಗೋಣವೆಂದರೆ ಬಾಗಿಲಿಗೆ ಅಡ್ಡ ಅವಳ ಕಾಲಿತ್ತು.

"ಆ ಏಪ್ರನ್ ಹೊರಗೆ ಬಿಟ್ಟು ಬರಬಾರದಿತ್ತೇ?" ಎಂದರು ಉಸ್ತಾಜ್, ಬಾಯಿಯಲ್ಲಿ ಉಸಿರೆಳೆಯುತ್ತ.

"ವಾಸನೆ ಏಪ್ರನ್‌ದಲ್ಲ ಉಸ್ತಾಜ್, ನಂದು. ಬೇಕಾದ್ರೆ ಒತ್ತಿ ನೋಡಿ, ಹೌದು ಅಂತ ಬರುತ್ತೆ."

ವಗ್ದಿ ನನ್ನ ಕಡೆ ನೋಡಿದರು. "ಬೇಯೂಮಿ, ನೀವಾದರೂ ಹೇಳಿ."

"ನನ್ನ ಮೂಗು ಹೋಗಿ ಎಷ್ಟೋ ವರ್ಷ ಆಯ್ತು ಉಸ್ತಾಜ್. ಚೀಸು ನೋಡಿ" ಎಂದೆ. ಕಣ್ಣಿನಲ್ಲಿ ನೀರು ಬರುತ್ತಿತ್ತು.

ರಾವ್ಯಾ ಆರಾಮ ಮಾಡಿಕೊಳ್ಳುವವಳಂತೆ ಹಿಂದಕ್ಕೆ ಒರಗಿದಳು. ಅವಳ ತಲೆ ಕೋಟಿನ ತೋಳಿಗೆ ತಾಗಿತು. ತಿರುಗಿ ನೋಡಿ, ಆ ತೋಳನ್ನು ಎರಡು ಬೆರಳಲ್ಲಿ ಹಿಡಿದು, "ಬಟ್ಟೆ ಒಳ್ಳೇದಿದೆ. ಹುಡುಗಿ ಕಡೆಯವ್ರು ಏನಂತಾರೋ" ಎಂದಳು.

ಉಸ್ತಾಜ್ ವಗ್ದಿ ಟ್ಯಾಬು ಎಳೆದುಕೊಂಡು ಏನನ್ನೋ ಒತ್ತಿದರು. ರಾವ್ಯಾಳ ಮಣಿಕಟ್ಟು ಕಿರ್ ಎಂದಿತು. ರಜೆ ಮಂಜೂರಾಗಿತ್ತು. ಅವಳು ಕೋಟಿನ ತೋಳನ್ನು ಬಿಟ್ಟು, ಮಡಿಕೆ ಸರಿಮಾಡಿ, "ಹಬ್ಬದ ಶುಭಾಶಯ" ಎಂದು ಹೇಳಿ ಎದ್ದಳು.

ಮಾರ್ಜಕದ ಕಪಾಟಿನ ತನಕ ನೆಟ್ಟಗೆ ನಡೆದವಳು ಅಲ್ಲಿ ಗೋಡೆ ಹಿಡಿದು ಬಗ್ಗಿದಳು. ನಾನು ನಿಂಬೆಹಣ್ಣು ತಂದುಕೊಟ್ಟೆ.

"ಚಿಕ್ಕಪ್ಪಾ, ಇನ್ನೊಂದು ನಿಮಿಷ ಅವ್ರು ತಡೆದಿದ್ರೆ ನಾನೇ ಎದ್ದು ಓಡ್ತಿದ್ದೆ. ಥೂ, ಎಂಥ ನಾತ ಅದು."

ಮಂಗಳವಾರ ಬಂದಾಗ ಮುಖ ಬಿಸಿಲಿಗೆ ಕಪ್ಪಾಗಿತ್ತು. ಸುದ್ದಿ ಕೇಳಿದೆ. ದೋಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲವಂತೆ, ಸ್ಪೀಕರಿನ ಅಬ್ಬರಕ್ಕೆ ಕಿವಿ ಹರಿಯಿತಂತೆ, ಯಾಸೀನ್ ಒಂದು ಚಪ್ಪಲಿಯನ್ನು ನೈಲ್‌ಗೆ ಕೊಟ್ಟನಂತೆ. ಕನಾತಿರ್ ಇನ್ನೂ ಕಣ್ಣಿಗೆ ಬೀಳುವ ಮೊದಲೇ ಅತ್ತೆ ತಮ್ಮ ಗಂಟು ಬಿಚ್ಚಿದರಂತೆ. ಬ್ರೆಡ್ಡು, ಈರುಳ್ಳಿ ಸೊಪ್ಪು, ಕಾಗದದಲ್ಲಿ ಸುತ್ತಿದ ಫಿಸೀಖ್.

"ನಾನೇ ಕಟ್ಟಿದ್ದು ಚಿಕ್ಕಪ್ಪಾ. ನನ್ನ ಗಂಟು ನನಗೆ ಗೊತ್ತಾಗಲ್ವಾ? ಭಾನುವಾರ ಪಕ್ಕದ ಮನೆಯವಳನ್ನ ಸಾಲಲ್ಲಿ ನಿಲ್ಲಿಸಿ ತರಿಸಿದಾರೆ."

"ಮಕ್ಕಳು?"

"ಇಬ್ರೂ ಎರಡೂ ಕೈಯಲ್ಲಿ ತಿಂದ್ರು. ಅಪ್ಪನ ಕಡೆ ರಕ್ತ. ನಾನು ಮೊಟ್ಟೆ ಎತ್ಕೊಂಡು ಸ್ಪೀಕರ್ ಪಕ್ಕ ಹೋಗಿ ಕೂತೆ."

ಅವಳು ಸೌತೆಕಾಯಿಗಳನ್ನು ಒಂದೊಂದಾಗಿ ಒತ್ತಿ ನೋಡಿ ಕ್ರೇಟಿಗೆ ಹಾಕತೊಡಗಿದಳು.

"ಬರುವಾಗ ರಿತಾಲ್ ಬಂದು ಪಕ್ಕದಲ್ಲಿ ಕೂತ್ಲು. ಕೈ, ಬಾಯಿ, ಜಡೆ ಎಲ್ಲಾ ಅದೇ ಎಣ್ಣೆ. ಹಾಗೇ ತೊಡೆ ಮೇಲೆ ತಲೆಯಿಟ್ಟು ನಿದ್ದೆ ಹೋದ್ಲು. ಸತ್ತ ಇಲಿ ಥರ ನಾರ್ತಿದ್ಲು ಚಿಕ್ಕಪ್ಪಾ."

"ನೀನೇನ್ ಮಾಡ್ದೆ?"

"ಏನ್ ಮಾಡ್ಲಿ? ದಡ ಬರೋವರೆಗೂ ಬಾಯಲ್ಲಿ ಉಸಿರಾಡ್ದೆ."

ಮಣಿಕಟ್ಟು ಕಿರ್ ಎಂದಿತು. ಯಾರಿಗೋ ಡೈಪರು ಬೇಕಿತ್ತು.