ಬೆರಳಿನಿಂದ ಎಳೆದಾಗ ಬಂದ ಮೇಲ್

"ಯಾಕವ್ವ, ಮುಖ ಸಪ್ಪಗೈತಿ?" ಮಕ್ತಲ್ ಬಸ್ ನಿಲ್ದಾಣದಲ್ಲಿ ಪಕ್ಕ ಕುಳಿತಿದ್ದ ಅಕ್ಕ ಕೇಳಿದರು. ಹೆಗಲ ಮೇಲೆ ಕಂಬಳಿ, ಕುರಿ ಕಾಯುವ ಮನೆತನದವರು. ನಾನು ನಾರಾಯಣಪೇಟೆಯಲ್ಲಿ ಸೀರೆ ನೇಯುವವಳು. ತೆಲಂಗಾಣ ರಾಜ್ಯ ಸ್ಥಾಪನೆ ದಿನದ ಕೈಮಗ್ಗ ಮೇಳಕ್ಕೆ ನನ್ನ ಸೀರೆಯ ಫೋಟೊ ಕಳಿಸಿದ್ದೆ. ನಾಲ್ಕು ದಿನವಾದರೂ ಉತ್ತರದ ಮೇಲ್ ಬಂದಿಲ್ಲ ಎಂದೆ.

ಅವರು ನನ್ನ ಫೋನ್ ಇಸಿದುಕೊಂಡು ಮೇಲ್ ತೆರೆದು, ಪರದೆಯನ್ನು ಬೆರಳಿನಿಂದ ಕೆಳಗೆ ಎಳೆದರು. ಉತ್ತರ ಬಂದೇಬಿಟ್ಟಿತು. ನನ್ನ ಸೀರೆ ಆಯ್ಕೆಯಾಗಿತ್ತು. ಆದರೆ ಅಂದೇ ಸಂಜೆ ಐದರೊಳಗೆ ಒಪ್ಪಿಗೆ ತಿಳಿಸಬೇಕಿತ್ತು. ಆಗಲೇ ನಾಲ್ಕು ದಾಟಿತ್ತು.

"ಚಾರ್ಜ್ ಉಳಸಾಕ ಬ್ಯಾಟರಿ ಸೇವರ್ ಹಾಕೀದಿ. ಅದಕ್ಕ ಫೋನು ತಾನಾಗೇ ಮೇಲ್ ನೋಡಾಕ ಹೋಗಿಲ್ಲ," ಎನ್ನುತ್ತಾ ಮೇಲ್ ತಾನಾಗೇ ಬರುವಂತೆ ಸಿಂಕ್ ಚಾಲೂ ಮಾಡಿಕೊಟ್ಟರು.

"ನಿಮಗ ಇದೆಲ್ಲ ಹ್ಯಾಂಗ ಗೊತ್ತರಿ ಅಕ್ಕಾ?"

ಕುರಿಗಳ ಲಸಿಕೆಯ ಸುದ್ದಿ ಅವರ ಸಂಘಕ್ಕೆ ಮೇಲ್‌ನಲ್ಲೇ ಬರುತ್ತದಂತೆ. ಒಮ್ಮೆ ಹೀಗೇ ಲಸಿಕೆ ತಪ್ಪಿಹೋದ ಮೇಲೆ ಹಟ ಹಿಡಿದು ಕಲಿತರಂತೆ. ನಾನು ಆ ಬೆಂಚಿನ ಮೇಲೆಯೇ ಒಪ್ಪಿಗೆ ಬರೆದು ಕಳಿಸಿದೆ. ಮೇಳಕ್ಕೂ ಹೋಗಿ ಬಂದೆ.

ಈಗ ನಮ್ಮ ಓಣಿಯ ನೇಕಾರರಲ್ಲಿ ಯಾರಿಗೆ ಮೇಲ್ ಬರದಿದ್ದರೂ ಫೋನ್ ತಂದು ನನ್ನ ಕೈಗೇ ಕೊಡುತ್ತಾರೆ.