ಕೊನೆಯ ಸಾಲಿನ ಏಡಿಬಿಲಗಳು

ನಮ್ಮ ಮನೆತನಕ್ಕೆ ಹೇಳಿಕೊಳ್ಳುವಂಥ ವಿದ್ಯೆ ಒಂದೇ: ಏಡಿಬಿಲ ಮುಚ್ಚುವುದು. ಉಡುಪಿ ಕಡೆಯ ನಮ್ಮ ಗದ್ದೆಗಳಲ್ಲಿ ಏಡಿ ಬದುವಿಗೆ ತೂತು ಹಾಕಿತೆಂದರೆ ನೀರೆಲ್ಲ ಪಕ್ಕದವರ ಗದ್ದೆಗೆ ಹೋಗುತ್ತದೆ. ಪಕ್ಕದವರು ಅದನ್ನು ದೇವರ ಕೃಪೆಯೆಂದು ತಿಳಿದು ಸುಮ್ಮನಿರುತ್ತಿದ್ದರು. ಹಾಗಾಗಿ ಅಕ್ಷರ ಕಲಿಯುವ ಮೊದಲೇ ನಾನು ಕಾಲಿನ ಹೆಬ್ಬೆರಳಿನಿಂದ ಬಿಲ ಹುಡುಕಿ, ಅಂಟುಮಣ್ಣು ತುರುಕಿ, ಹಿಮ್ಮಡಿಯಿಂದ ಮೂರು ಸಲ ತುಳಿಯುವುದನ್ನು ಕಲಿತಿದ್ದೆ. ಎರಡೇ ಸಲ ತುಳಿದರೆ ಮೂರನೆಯದು ಅಪ್ಪನಿಂದ ನನ್ನ ಬೆನ್ನಿಗೆ ಬೀಳುತ್ತಿತ್ತು.

ಒಮಾನಿಗೆ ಬಂದು ಹನ್ನೊಂದು ವರ್ಷವಾದರೂ ಈ ವಿದ್ಯೆಯನ್ನು ಯಾರೂ ಕೇಳಿರಲಿಲ್ಲ. ಘಾಲಾದಲ್ಲಿ ಗೋದಾಮು ಇಟ್ಟುಕೊಂಡ ಒಂದು ಲ್ಯಾಂಡ್‌ಸ್ಕೇಪಿಂಗ್ ಕಂಪನಿಯಲ್ಲಿ ನಾನು ಸೈಟ್ ಸೂಪರ್‌ವೈಸರ್. ರಸ್ತೆ ನಡುವಿನ ಹುಲ್ಲು, ಖರ್ಜೂರದ ಮರ, ಕಾಲುದಾರಿಗೆ ಇಂಟರ್‌ಲಾಕ್, ಇಷ್ಟೇ ನಮ್ಮ ಪ್ರಪಂಚ. ಮೊನ್ನೆ ಮೊನ್ನೆಯ ಚಳಿಗಾಲದಲ್ಲಿ ಕಂಪನಿಗೆ ಕಾಂಡ್ಲಾ ಗಿಡ, ಅಂದರೆ ಮ್ಯಾಂಗ್ರೋವ್, ನೆಡುವ ಕೆಲಸ ಸಿಕ್ಕಿತು. ಸಮುದ್ರದ ನೀರು ಏರಿ ಇಳಿಯುವ ಒಂದು ಖೋರ್, ನಮ್ಮ ಕಡೆಯ ಅಳಿವೆಯ ಹಾಗೆ. ಅದರ ದಡದ ಕೆಸರಿನಲ್ಲಿ ಹನ್ನೆರಡು ಸಾಲು ಗಿಡ. ಅಷ್ಟನ್ನೂ ನೆಟ್ಟದ್ದು ಬಾಂಗ್ಲಾದೇಶದ ಒಬ್ಬ ವಯಸ್ಸಾದ ಕೆಲಸಗಾರರು. ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ನದಿ ಸಮುದ್ರ ಸೇರುವ ಊರಿನಲ್ಲಿ ಹುಟ್ಟಿ ಬೆಳೆದವರು. ಅದು ನನಗೆ ಆಗ ಮುಖ್ಯವೆನಿಸಲಿಲ್ಲ.

ಗಿಡ ನೆಟ್ಟ ವಾರಕ್ಕೆ ನೋಡುತ್ತೇನೆ, ಕೆಸರಿನ ತುಂಬ ಏಡಿಬಿಲ. ಒಂದು ಕೈ ದೊಡ್ಡದು, ಒಂದು ಕೈ ಚಿಕ್ಕದಿರುವ ಪುಟ್ಟ ಏಡಿಗಳು ಬಾಗಿಲಲ್ಲಿ ನಿಂತು ದೊಡ್ಡ ಕೈ ಬೀಸುತ್ತಿದ್ದವು. ನನ್ನನ್ನೇ ಕೆಣಕುತ್ತಿವೆ ಅನ್ನಿಸಿತು. ಎಲ್ಲ ಬಿಲ ಮುಚ್ಚಲು ಚಾಚಾನಿಗೆ ಹೇಳಿದೆ. ಮೂರು ಸಲ ತುಳಿಯಬೇಕೆಂದೂ ಹೇಳಿದೆ.

"ಸಾಬ್, ಬಂದ್ ಮತ್ ಕರೋ. ಮಿಟ್ಟಿ ಕಾ ದಮ್ ಘುಟೇಗಾ," ಎಂದರು ಚಾಚಾ. ಮುಚ್ಚಬೇಡಿ, ಮಣ್ಣಿಗೆ ಉಸಿರು ಕಟ್ಟುತ್ತದೆ ಎಂದು.

ಮೂರು ತಲೆಮಾರಿನಿಂದ ಬಿಲ ಮುಚ್ಚಿದವರು ನಾವು, ನಮಗೇ ಪಾಠವೇ ಎಂದು ನಾನು ನನ್ನ ಹರಕು ಹಿಂದಿಯಲ್ಲಿ ಗದರಿದೆ. ಅವರು ಬುಟ್ಟಿ ಹಿಡಿದು ಬಗ್ಗಿದರು.

ವಾದಿ ಕಬೀರ್ ಬಡಾವಣೆಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿಗೆ ಈ ಸಾಹಸವನ್ನು ವರ್ಣಿಸಿದೆ.

"ಏಡಿ ಸಿಕ್ಕಿದ್ರೆ ಮನೆಗೆ ತನ್ನಿ ಮಾರಾಯ್ರೆ, ಸುಕ್ಕ ಮಾಡುವ. ಅದ್ರ ಬಿಲ ಮುಚ್ಚಿ ನಿಮ್ಗೆ ಎಂಥ ಪುಣ್ಯ ಬರ್ತದೆ?" ಎಂದಳು.

ಹೆಂಗಸರಿಗೆ ತಾಂತ್ರಿಕ ವಿಷಯ ತಿಳಿಯದು ಎಂದುಕೊಂಡು ನಾನು ಇನ್ನೊಂದು ತುಂಡು ಮೀನು ಹಾಕಿಸಿಕೊಂಡೆ. ಮರುದಿನದ ಡೈಲಿ ರಿಪೋರ್ಟಿನಲ್ಲಿ 'ಹೆಚ್ಚುವರಿ ಕೆಲಸ: ಏಡಿಬಿಲ ಮುಚ್ಚಿಸಲಾಗಿದೆ' ಎಂದು ಬರೆದು, ಕೆಳಗೆ ಎಂದಿಗಿಂತ ದೊಡ್ಡದಾಗಿ ಸಹಿ ಹಾಕಿದೆ. ಏಡಿಗಳು ಮತ್ತೆ ತೋಡಿದಾಗಲೆಲ್ಲ ದಡದಿಂದಲೇ ಕೂಗಿ ಮತ್ತೆ ಮುಚ್ಚಿಸಿದೆ.

ಎರಡು ತಿಂಗಳಿಗೆ ಗಿಡಗಳು ಹಳದಿಯಾದವು. ಹನ್ನೊಂದು ಸಾಲು ಹಳದಿ, ಕೊನೆಯ ಸಾಲು ಮಾತ್ರ ಹಸಿರು. ಬೆಂಗಳೂರಿನವರಾದ ನಮ್ಮ ಮ್ಯಾನೇಜರ್ ಬಂದು, ಶೂ ಕೆಸರಾಗದಂತೆ ದಡದ ಮೇಲೇ ನಿಂತು ತೀರ್ಪು ಕೊಟ್ಟರು.

"ನೋಡ್ರೀ, ಆ ಮುದುಕ ಒಂದ್ ಸಾಲು ಸರಿಯಾಗಿ ನೆಟ್ಟು ಮಿಕ್ಕಿದ್ದು ಹಂಗೇ ಚುಚ್ಚಿದ್ದಾನೆ. ವಯಸ್ಸಾಯ್ತು ಅವನಿಗೆ. ಖಲಾಸ್, ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಕಳಿಸ್ಬಿಡೋಣ."

ಆ ಹೊತ್ತಿಗೆ ನನ್ನ ಕಣ್ಣು ಕೊನೆಯ ಸಾಲಿನ ಮೇಲಿತ್ತು. ಅಲ್ಲಿ ಬಿಲಗಳು ತೆರೆದೇ ಇದ್ದವು. ಚಾಚಾ ನನ್ನ ಮಾತು ಮೀರಿದ್ದಾರೆ ಎಂದು ಸಿಟ್ಟು ಬಂತು. ಆ ವಯಸ್ಸಿನಲ್ಲಿ ಒಮ್ಮೆ ಕ್ಯಾನ್ಸಲ್ ಆದರೆ ಮತ್ತೆ ವೀಸಾ ಸಿಗುವುದಿಲ್ಲವೆಂದು ಗೊತ್ತಿದ್ದೂ "ಹೂಂ" ಎಂದೆ. ಆ ಹೂಂ ನೆನಪಾದಾಗಲೆಲ್ಲ ಇವತ್ತಿಗೂ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ನೀರು ಇಳಿದಾಗ ಕೆಲಸ ಕೊಟ್ಟ ಕಡೆಯಿಂದ ಒಬ್ಬ ಒಮಾನಿ ಇಂಜಿನಿಯರ್ ಮೇಡಂ ಬಂದರು. ಗಮ್‌ಬೂಟು ಹಾಕಿಕೊಂಡು ನೇರ ಕೆಸರಿಗೇ ಇಳಿದರು. ಮೊದಲು ಹಳದಿ ಸಾಲಿನಲ್ಲಿ ಸಲಿಕೆಯಿಂದ ಕೇಕು ಕೊಯ್ದ ಹಾಗೆ ಒಂದು ಹೋಳು ಎತ್ತಿದರು. ಮಣ್ಣು ಕಪ್ಪಗಿತ್ತು, ಕೊಳೆತ ಮೊಟ್ಟೆಯ ನಾತ. ಬೇರುಗಳು ಮೆತ್ತಗಾಗಿದ್ದವು. ಜೀವವಿರುವ ಒಂದು ಹುಳವೂ ಅದರಲ್ಲಿರಲಿಲ್ಲ.

ಆಮೇಲೆ ಕೊನೆಯ ಸಾಲಿನಲ್ಲಿ ಒಂದು ಬಿಲವನ್ನು ಉದ್ದಕ್ಕೆ ಸೀಳಿದರು. ಕಪ್ಪು ಮಣ್ಣಿನ ನಡುವೆ ಬಿಲದ ಸುತ್ತ ಬೆರಳಗಲ ಕಂದು ಮಣ್ಣು. ಗಾಳಿ, ನೀರು ಓಡಾಡಿದ ಗುರುತು ಅದು ಎಂದರು ಮೇಡಂ. ಗಿಡದ ಎಳೆ ಬೇರು ಆ ಕಂದು ಗೋಡೆಯನ್ನೇ ಹಿಡಿದು ಇಳಿದಿತ್ತು. ಗೋಡೆಯಲ್ಲಿ ನೂಲಿನಂಥ ಕೆಂಪು ಹುಳಗಳು, ಅಕ್ಕಿಕಾಳಿನಷ್ಟು ಬಸವನಹುಳಗಳು. ಅಡ್ಡ ತಿರುವಿನಲ್ಲಿ ಒಂದು ಗಾಜಿನ ಬಣ್ಣದ ಸಿಗಡಿಮರಿ. ತಳದ ಅಂಗೈಯಗಲದ ನೀರಿನಲ್ಲಿ ಒಂದು ಮೀನುಮರಿ, ನೀರು ಏರುವುದನ್ನು ಕಾಯುತ್ತಿತ್ತು. ವಾದಿ ಕಬೀರಿನಲ್ಲಿ ಒಬ್ಬನ ಹೆಸರಿನ ಫ್ಲ್ಯಾಟಿನಲ್ಲಿ ಪಾರ್ಟಿಶನ್ ಹಾಕಿಕೊಂಡು ನಾಲ್ಕು ಸಂಸಾರ ಇರುವುದನ್ನು ನಾನು ಕಂಡಿದ್ದೆ. ಏಡಿಯೂ ಹಾಗೇ ಬಾಡಿಗೆದಾರರನ್ನು ಇಟ್ಟುಕೊಂಡಿತ್ತು. ಮೂಲ ಮಾಲೀಕ ಮೂಲೆಯಲ್ಲಿ ಕುಳಿತು ದೊಡ್ಡ ಕೈಯನ್ನು ನಮ್ಮ ಕಡೆ ಎತ್ತಿತ್ತು. ಇಂಥ ಎಷ್ಟು ಮನೆಗಳನ್ನು ಮೂರು ಮೂರು ಸಲ ತುಳಿಸಿದ್ದೆ ಎಂದು ಎಣಿಸಲು ಹೋಗಿ ಬಿಟ್ಟೆ.

"ಉಳಿದ ಬಿಲ ಯಾರು ಮುಚ್ಚಿದ್ದು?" ಎಂದು ಮೇಡಂ ಇಂಗ್ಲಿಷಿನಲ್ಲಿ ಕೇಳಿದರು.

ಮ್ಯಾನೇಜರ್ ಚಾಚಾನ ಕಡೆ ನೋಡಿದರು. ಚಾಚಾ ತಮ್ಮ ಕಾಲಿನ ಕಡೆ ನೋಡಿದರು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಉಣ್ಣುವ ಹೊತ್ತು ಬಂದಿತ್ತು. ನಾನೇ ಮುಚ್ಚಿಸಿದ್ದು, ಇವರು ನೆಟ್ಟದ್ದು ಸರಿಯಾಗೇ ಇದೆ ಎಂದೆ. ಫೈಲು ತೆಗೆದು ರಿಪೋರ್ಟನ್ನೂ ತೋರಿಸಿದೆ. ಸಹಿ ಅಷ್ಟು ದೊಡ್ಡದಾಗಿದ್ದರಿಂದ ಯಾರಿಗೂ ಅನುಮಾನ ಉಳಿಯಲಿಲ್ಲ.

ಮೇಡಂ ಚಾಚಾನ ಕಡೆ ತಿರುಗಿ, ಕೊನೆಯ ಸಾಲು ಯಾಕೆ ಬಿಟ್ಟಿರಿ ಎಂದು ಹಿಂದಿಯಲ್ಲಿ ಕೇಳಿದರು. 'ನಾನು ಮೊದಲೇ ಹೇಳಿದ್ದೆ, ಸಾಬ್ ಕೇಳಲಿಲ್ಲ' ಎನ್ನಲು ಚಾಚಾನಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ನಾನು ಅದಕ್ಕೆ ಸಿದ್ಧನಾಗಿಯೇ ನಿಂತಿದ್ದೆ.

"ಕಮರ್ ಮೇ ದರ್ದ್ ಥಾ, ಮೇಡಂ," ಎಂದರು ಚಾಚಾ. ಸೊಂಟ ನೋಯುತ್ತಿತ್ತಂತೆ.

ಮ್ಯಾನೇಜರ್ ಕೂಡ ನಕ್ಕುಬಿಟ್ಟರು. ಕ್ಯಾನ್ಸಲ್ ಮಾತು ಅಲ್ಲಿಗೇ ನಿಂತಿತು. ನನ್ನನ್ನು ತಿರುಗಿ ಇಂಟರ್‌ಲಾಕಿಗೆ ಹಾಕುವ ಮೊದಲು, ಮುಚ್ಚಿದ್ದನ್ನೆಲ್ಲ ತೆರೆದುಕೊಟ್ಟು ಹೋಗಬೇಕೆಂದು ಅಪ್ಪಣೆಯಾಯಿತು. ಹದಿನೈದು ದಿನ ನಾನು, ಚಾಚಾ ಒಂದೊಂದು ಕೋಲು ಹಿಡಿದು ಹನ್ನೊಂದು ಸಾಲಿನ ಉದ್ದಕ್ಕೂ ಕೆಸರು ಚುಚ್ಚಿದೆವು. ನಾನು ಗಳಿಗೆಗೊಮ್ಮೆ ನೆಟ್ಟಗಾಗಿ ಅಯ್ಯೋ ಅಮ್ಮಾ ಎನ್ನುತ್ತಿದ್ದೆ. ಚಾಚಾ ಬೆಳಗಿನಿಂದ ನೀರು ಏರುವವರೆಗೂ ಬಗ್ಗಿದವರು ಬಗ್ಗಿಯೇ ಇರುತ್ತಿದ್ದರು. ಅವರು ಒಮ್ಮೆಯಾದರೂ ಸೊಂಟದ ಮೇಲೆ ಕೈಯಿಟ್ಟದ್ದನ್ನು ನಾನು ನೋಡಲಿಲ್ಲ.