ಇಂಟರ್ವೆಲ್ಲಿನ ಚೀಟಿ

ಹೋದ ವಾರ ಗುಜರಿಯವನಿಗೆ ಕೊಡುವ ಮುನ್ನ ಹಳೆಯ ಡಿವಿಡಿ ಪ್ಲೇಯರನ್ನು ಒಮ್ಮೆ ಹಾಕಿ ನೋಡಿದೆ. ಓಡಲಿಲ್ಲ. ಎರಡು ನಿಮಿಷಕ್ಕೆ ಒಳಗಿನ ಧೂಳು ಬಿಸಿಯಾದ ವಾಸನೆ ಮಾತ್ರ ಬಂತು. ಅದರ ಹಿಂದೆಯೇ ಎದುರುಮನೆ ಆಂಟಿಯ ನಡುಮನೆ, ಭಾನುವಾರದ ಮಧ್ಯಾಹ್ನ, ಒಗ್ಗರಣೆ ಹಾಕಿದ ಕಡ್ಲೆಪುರಿಯ ತಟ್ಟೆ ಎಲ್ಲ ನೆನಪಾದವು... ಗುಜರಿಯವನನ್ನು ಇನ್ನೊಂದು ದಿನ ಬಾಪ್ಪ ಎಂದು ಕಳಿಸಿಬಿಟ್ಟೆ.

ನಾನು ಟೀಚರ್ ಕೆಲಸ ಸಿಕ್ಕಿ ಸಿದ್ಧಾರ್ಥನಗರಕ್ಕೆ ಬಾಡಿಗೆಗೆ ಬಂದಾಗ ಮೊದಲು ಮಾತಾಡಿಸಿದವರು ಈ ಆಂಟಿ. ಇಲವಾಲದ ಕಡೆಯ ರೈತರ ಮನೆಯವರು. ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾಗಿದ್ದರು. ಒಂದು ಆಯುಷ್ಯವೆಲ್ಲ ಸಾಕ್ಷಿಗಳ ಹೇಳಿಕೆಯನ್ನು ಟೈಪ್ ಮಾಡಿದ್ದರಿಂದ ಅವರ ಮುಂದೆ ಯಾರೂ ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಹಾಗಿರಲಿಲ್ಲ. ಜೊತೆಯಲ್ಲಿದ್ದ ಮಗಳು ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಳು. ಭಾನುವಾರ ಊಟವಾದ ಮೇಲೆ ಅವಳು ಮಲಗುತ್ತಿದ್ದಳು, ನಾವಿಬ್ಬರೂ ಸಿನಿಮಾ ಹಾಕುತ್ತಿದ್ದೆವು. ಡಿಸ್ಕ್ ತರುವ ಕೆಲಸ ನನ್ನದು, ತೀರ್ಪು ಕೊಡುವ ಕೆಲಸ ಅವರದು.

ತೀರ್ಪುಗಳೆಂದರೆ ಅಂತಿಂಥವಲ್ಲ. ಹಳೆಯ ಪತ್ತೇದಾರಿ ಚಿತ್ರಗಳ ಮೇಲೆ ಅವರಿಗೆ ಬಲು ಗೌರವ. ಅವುಗಳಲ್ಲಿ ಕೊಲೆಗಾರ ಮೊದಲ ಅರ್ಧ ಗಂಟೆಯಲ್ಲೇ ನಮ್ಮ ಮುಂದೆ ಬಂದು ಕಾಫಿ ಕುಡಿದು ಹೋಗಿರುತ್ತಾನೆ, ಗುರುತು ಹಿಡಿಯದಿದ್ದರೆ ತಪ್ಪು ನಮ್ಮದು. ಹೊಸ ಥ್ರಿಲ್ಲರುಗಳಲ್ಲಿ ಕೊನೆಗೆ ಎಲ್ಲಿಂದಲೋ ಒಬ್ಬನನ್ನು ಎಳೆದುತಂದು ಇವನೇ ಎನ್ನುತ್ತಾರೆ, ಅದು ಮೋಸ ಎನ್ನುವುದು ಅವರ ವಾದ. ಧಾರಾವಾಹಿಗಳಲ್ಲಿ ಅತ್ತೆ ಬಾಗಿಲ ಮರೆಯಲ್ಲಿ ನಿಂತು ಎಲ್ಲರ ಗುಟ್ಟನ್ನೂ ಕೇಳಿಸಿಕೊಂಡರೆ, ಅಷ್ಟು ದೊಡ್ಡ ಮನೆ ಕಟ್ಟಿಸಿದವರಿಗೆ ಒಂದು ಚಿಲಕ ಹಾಕಿಸೋಕೆ ಏನಾಗಿತ್ತು ಎಂದು ರೇಗುತ್ತಿದ್ದರು. ಟೀವಿಯ ಹಾಸ್ಯ ಕಾರ್ಯಕ್ರಮಗಳನ್ನಂತೂ ಕಂಡರಾಗದು. ಹಿಂದಿನಿಂದ ಕೇಳುವ ರೆಕಾರ್ಡು ನಗು ಅವರಿಗೆ ಮೈಯೆಲ್ಲ ಉರಿ. “ನಮ್ಮ ಪರವಾಗಿ ನಗೋಕೆ ಇವರ್ಯಾರಮ್ಮ? ನಾವೇನು ವಕಾಲತ್ತು ಕೊಟ್ಟಿದ್ದೀವಾ?” ಎನ್ನುತ್ತಿದ್ದರು.

ನಮ್ಮದೊಂದು ಆಟವಿತ್ತು. ಇಂಟರ್ವೆಲ್ ಬಂದ ಕೂಡಲೇ ಆಂಟಿ ಪ್ಲೇಯರ್ ನಿಲ್ಲಿಸಿ, ಕೊಲೆಗಾರ ಯಾರೆಂದು ಒಂದು ಚೀಟಿಯಲ್ಲಿ ಬರೆದು, ಮಡಿಸಿ, ಕಡ್ಲೆಪುರಿ ತಟ್ಟೆಯ ಕೆಳಗಿಟ್ಟು ಕಾಫಿ ಮಾಡಲು ಒಳಗೆ ಹೋಗುತ್ತಿದ್ದರು. ಸಿನಿಮಾ ಮುಗಿದ ಮೇಲೆಯೇ ಅದನ್ನು ಬಿಚ್ಚುವುದು. ಎರಡು ವರ್ಷದಲ್ಲಿ ಅವರು ತಪ್ಪಿದ್ದು ಬೆರಳೆಣಿಕೆಯಷ್ಟು ಸಲ. ನನ್ನ ಊಹೆ ಸರಿಯಾದದ್ದೂ ಅಷ್ಟೇ ಸಲ.

ಆಮೇಲೆ ತಪ್ಪತೊಡಗಿತು. ಒಂದು ಭಾನುವಾರ ಚೀಟಿಯಲ್ಲಿ ಅವರು ಬರೆದಿದ್ದವನು ಸಿನಿಮಾದ ಆರಂಭದಲ್ಲೇ ಸತ್ತವನು. ನಾನು ನಕ್ಕೆ, ಅವರು ನಗಲಿಲ್ಲ. ಮುಂದಿನ ವಾರವೂ ತಪ್ಪು, ಅದರ ಮುಂದಿನ ವಾರವೂ... ಅಷ್ಟು ಹೊತ್ತಿಗೆ ಒಲೆಯ ಮೇಲೆ ಹಾಲು ಸೀದುಹೋಗುವುದು, ಬೀಗದ ಕೈಯನ್ನು ಅಕ್ಕಿ ಡಬ್ಬದಲ್ಲಿ ಇಡುವುದು ಎಲ್ಲ ಶುರುವಾಗಿತ್ತು. ಮಗಳು ಡಾಕ್ಟರ ಹತ್ತಿರ ಹೋಗೋಣವೆಂದರೆ ಇವರು ಜಪ್ಪಯ್ಯ ಅಂದರೂ ಒಪ್ಪುತ್ತಿರಲಿಲ್ಲ.

ಒಂದು ಸಂಜೆ ಗೇಟಿನ ಬಳಿ ನನ್ನ ಕೈ ಹಿಡಿದುಕೊಂಡು ಹೇಳಿದರು: “ಹಾಲು ಸೀದ್ರೆ ಸೀಯ್ಲಿ ಕಣಮ್ಮ, ಅದು ಎಲ್ಲರ ಮನೇಲೂ ಆಗುತ್ತೆ. ಚೀಟಿ ಸುಳ್ಳು ಹೇಳಲ್ಲ. ಈ ಭಾನುವಾರಾನೂ ತಪ್ಪಿದ್ರೆ ನಾನೇ ಮಗಳ್ನ ಕರ್ಕೊಂಡು ಡಾಕ್ಟ್ರ ಹತ್ರ ಹೋಗ್ಬುಡ್ತೀನಿ.”

ನನಗೆ ತಡೆಯಲಾಗಲಿಲ್ಲ. ಆ ಶನಿವಾರವೇ ಡಿಸ್ಕ್ ತಂದು ನನ್ನ ಮನೆಯ ಪ್ಲೇಯರಿನಲ್ಲಿ ಒಬ್ಬಳೇ ಸಿನಿಮಾ ನೋಡಿದೆ. ಕೊಲೆಗಾರ ಕಿರಿಯ ತಮ್ಮ. ಮಕ್ಕಳ ಕಾಪಿ ತಿದ್ದುವ ಕೈಗೆ ಅವರ ಉರುಟು ಅಕ್ಷರದ ಹಾಗೇ ಬರೆಯುವುದು ಎಷ್ಟರ ಕೆಲಸ? ಚೀಟಿ ಬರೆದು ಸೆರಗಿನಲ್ಲಿ ಇಟ್ಟುಕೊಂಡು ಹೋದೆ. ಅವರು ಕಾಫಿಗೆ ಎದ್ದಾಗ ತಟ್ಟೆ ಎತ್ತಿ ಬದಲಾಯಿಸಿದೆ. ಸಿನಿಮಾ ಮುಗಿಯುವಷ್ಟರಲ್ಲಿ ತಾವು ಬರೆದದ್ದೇ ಅವರಿಗೆ ಮರೆತಿತ್ತು. ಕೊನೆಯಲ್ಲಿ ಚೀಟಿ ಬಿಚ್ಚಿದ ಅವರ ಮುಖ ನೋಡಿ ಪುಣ್ಯದ ಕೆಲಸ ಮಾಡಿದೆ ಅಂದುಕೊಂಡೆ. ಡಾಕ್ಟರ ಮಾತು ಅಲ್ಲಿಗೇ ನಿಂತಿತು.

ಮೂರು ತಿಂಗಳು ಆಂಟಿ ಸೋಲಲೇ ಇಲ್ಲ. ಪ್ರತಿ ಶನಿವಾರ ನಾನು ಸಿನಿಮಾ ನೋಡಿದೆ, ಪ್ರತಿ ಭಾನುವಾರ ಚೀಟಿ ಬದಲಾಯಿಸಿದೆ. ತೆಗೆದ ಚೀಟಿಯನ್ನು ಒಮ್ಮೆಯೂ ಬಿಚ್ಚಿ ನೋಡುತ್ತಿರಲಿಲ್ಲ. ನೋಡುವ ಧೈರ್ಯವಿರಲಿಲ್ಲ ಎನ್ನುವುದೇ ನಿಜ.

ಕೊನೆಯ ಭಾನುವಾರ ಸಿನಿಮಾ ಮುಗಿಯಿತು. ಆಂಟಿ ಚೀಟಿ ಬಿಚ್ಚಿ, ‘ಡ್ರೈವರ್’ ಎಂದು ಗಟ್ಟಿಯಾಗಿ ಓದಿದರು. ಕೊಲೆಗಾರ ಅವನೇ. ನಾನು ಚಪ್ಪಾಳೆ ತಟ್ಟಿದೆ. ಅವರು ಚೀಟಿಯನ್ನು ನನ್ನ ಮುಂದೆ ಇಟ್ಟರು.

“ಇವತ್ತು ನಾನು ಏನೂ ಬರೀಲಿಲ್ಲ ಕಣಮ್ಮ. ಖಾಲಿ ಕಾಗದ ಮಡಿಸಿ ಇಟ್ಟಿದ್ದೆ.”

ಸೆರಗಿನಲ್ಲಿ ಬಚ್ಚಿಟ್ಟಿದ್ದ ಅವರ ಚೀಟಿಯ ಮೇಲೆ ನನ್ನ ಕೈ ಹೋಯಿತು.

“ವಾರವಾರಾನೂ ಸರಿ ಬರೋಕೆ ನಾನೇನು ದೇವ್ರಾ? ನೆನ್ನೆ ಮಗಳ ಹೆಸರೇ ಬಾಯಿಗೆ ಬರ್ಲಿಲ್ಲ ನಂಗೆ. ಅದಕ್ಕೇ ಅನುಮಾನ ಬಂತು.” ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. “ಸಾಕ್ಷೀನ ತಿದ್ದಬಾರದು. ನನ್ನ ತಲೇಲಿ ಏನಾಗ್ತಿದೆ ಅಂತ ನಂಗೆ ಹೇಳೋಕೆ ಅದೊಂದೇ ಇತ್ತು.”

ನಾನು ಅತ್ತುಬಿಟ್ಟೆ. ಅವರೇ ಎದ್ದು ನೀರು ತಂದುಕೊಟ್ಟರು.

ಮರುದಿನವೇ ಮಗಳ ಜೊತೆ ಡಾಕ್ಟರ ಬಳಿ ಹೋದರು. ಸ್ವಲ್ಪ ಮೊದಲೇ ಬರಬಹುದಿತ್ತು ಎಂದರಂತೆ ಡಾಕ್ಟರು. ಅವರು ಎಲ್ಲರಿಗೂ ಹಾಗೆ ಹೇಳುತ್ತಾರೆ ಎಂದು ಮಗಳು ನನ್ನನ್ನು ಸಮಾಧಾನಪಡಿಸಿದಳು. ಮೊದಲೇ ಹೋಗಿದ್ದರೂ ಏನೂ ಬದಲಾಗುತ್ತಿರಲಿಲ್ಲವೋ ಏನೋ... ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವ ದಾರಿಯೂ ಇಲ್ಲ.

ಮುಂದಿನ ವರ್ಷಗಳಲ್ಲಿ ಅವರು ಥ್ರಿಲ್ಲರ್ ಮುಟ್ಟಲಿಲ್ಲ. ಕಥೆಯ ಎಳೆ ಕೈಗೆ ಸಿಗುತ್ತಿರಲಿಲ್ಲ. ಮಗಳು ಹಾಸ್ಯದ ಚಾನೆಲ್ ಹಾಕಿಡುತ್ತಿದ್ದಳು. ರೆಕಾರ್ಡಿನವರು ನಕ್ಕಾಗಲೆಲ್ಲ ಆಂಟಿಯೂ ನಗುತ್ತಿದ್ದರು, ಅವರು ನಿಲ್ಲಿಸಿದಾಗ ತಾವೂ ನಿಲ್ಲಿಸುತ್ತಿದ್ದರು. ಪಕ್ಕದಲ್ಲಿ ಕೂತು ಅದನ್ನು ನೋಡುವುದು ನನಗೆ ಬಹಳ ಕಷ್ಟವಾಗುತ್ತಿತ್ತು. ಒಮ್ಮೆ ಅವರ ಕೈ ಹಿಡಿದು, ಆಂಟಿ, ಚೀಟಿ ವಿಷಯದಲ್ಲಿ ನನ್ನದು ತಪ್ಪಾಯ್ತು ಎಂದೆ. “ಪರವಾಗಿಲ್ಲ ಬುಡಿ,” ಎಂದರು ಬಹಳ ಮರ್ಯಾದೆಯಿಂದ, “ನೀವು ಯಾರ ಮನೆಯವ್ರು?”

ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಈಗ ಮೊಬೈಲಿನಲ್ಲೇ ಎಂಟು ಹತ್ತು ಕಂತಿನ ಥ್ರಿಲ್ಲರುಗಳು ಬರುತ್ತವೆ. ಕೆಲವು ನಿಜಕ್ಕೂ ಚೆನ್ನಾಗಿವೆ, ಮೋಸವಿಲ್ಲದವು, ಆಂಟಿ ಒಪ್ಪುವಂಥವು. ಕೊಲೆಗಾರ ಸಿಕ್ಕಿಬೀಳುವ ಕಂತನ್ನು ಮಾತ್ರ ನಾನು ನೋಡುವುದಿಲ್ಲ. ಅವರಿಗೆ ನೆನಪು ಉಳಿದಿದ್ದ ದಿನಗಳೇ ಕಡಿಮೆ. ಅದರಲ್ಲಿ ಮೂರು ತಿಂಗಳನ್ನು ನಾನು ಪ್ರೀತಿಯಿಂದಲೇ ಕಿತ್ತುಕೊಂಡೆ. ಆದರೂ ಕಿತ್ತುಕೊಂಡವಳು ನಾನೇ.